ಹೆಸರು ಕೇಳುವ ಮೊದಲು: ಆನ್‌ಲೈನ್ ವಿದ್ವತ್ ಸಮುದಾಯಗಳನ್ನು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ರಶ್ನೋತ್ತರ ತಾಣಗಳನ್ನು, ಸಂಶೋಧನಾ ಪೇಪರ್‌ಗಳ ಮೇಲೆ ಚರ್ಚೆ ನಡೆಯುವ ವೇದಿಕೆಗಳನ್ನು, ಸಂಶೋಧಕರ ಗುಂಪುಗಳನ್ನು ನಡೆಸುತ್ತಿರುವ ನಿಮಗೆಲ್ಲ ನಮಸ್ಕಾರ. ನಿಮ್ಮಲ್ಲಿ ಹೆಚ್ಚಿನವರು ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತೀರಿ. ಹಗಲೆಲ್ಲ ಪಾಠ, ಲ್ಯಾಬು, ಮೌಲ್ಯಮಾಪನ. ರಾತ್ರಿ ಕೂತು ಯಾರೋ ಬರೆದ ಬೈಗುಳ ಅಳಿಸುವುದು, ಇನ್ಯಾರದೋ ದೂರು ಓದುವುದು. ಈ ದುಡಿಮೆಯ ಬಗ್ಗೆ ನನಗೆ ಗೌರವ ಇದೆ. ಅದಕ್ಕೇ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ.

ಯಾವುದೋ ಚರ್ಚೆ ಹದ ತಪ್ಪುತ್ತದೆ. ಮುಖವಿಲ್ಲದ ಒಂದು ಖಾತೆ ಯಾರನ್ನೋ ಬಾಯಿಗೆ ಬಂದ ಹಾಗೆ ಅನ್ನುತ್ತದೆ. ಮರುದಿನವೇ ಒಂದು ಸಲಹೆ ಬರುತ್ತದೆ: ಇನ್ನು ಮೇಲೆ ಎಲ್ಲರೂ ಅಸಲಿ ಹೆಸರಿನಲ್ಲೇ ಬರೆಯಲಿ, ಸಂಸ್ಥೆಯ ಇಮೇಲ್ ಇಲ್ಲದವರಿಗೆ ಖಾತೆಯೇ ಬೇಡ. ಕೇಳಲು ಇದು ನ್ಯಾಯವಾಗಿಯೇ ಇದೆ. ಪೇಪರ್ ಮೇಲೆ ಹೆಸರು ಹಾಕುತ್ತೇವೆ, ಥೀಸಿಸ್ ಮೇಲೆ ಹಾಕುತ್ತೇವೆ, ಸೆಮಿನಾರಿನಲ್ಲಿ ಎದ್ದು ನಿಂತು ಹೆಸರು ಹೇಳಿ ಪ್ರಶ್ನೆ ಕೇಳುತ್ತೇವೆ. ಇಲ್ಲಿ ಮಾತ್ರ ಯಾಕೆ ಹಿಂಜರಿಕೆ? ಮರೆಯಲ್ಲಿ ನಿಂತು ಕಲ್ಲು ಹೊಡೆಯುವವರನ್ನು ಯಾಕೆ ಸಹಿಸಬೇಕು?

ಈ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೂ ನನ್ನ ಮನವಿ ಇಷ್ಟೇ: ಎಲ್ಲರಿಂದಲೂ ಒಂದೇ ಸಮನೆ ಹೆಸರು ಕೇಳಬೇಡಿ. ಯಾರ ಕೈಯಲ್ಲಿ ಅಧಿಕಾರ ಜಾಸ್ತಿ ಇದೆಯೋ ಅವರಿಂದ ಮೊದಲು ಕೇಳಿ. ಯಾರ ಕೈಯಲ್ಲಿ ಏನೂ ಇಲ್ಲವೋ ಅವರಿಂದ ಕೊನೆಗೆ ಕೇಳಿ, ಆಗದಿದ್ದರೆ ಕೇಳಲೇಬೇಡಿ. ಈಗಿನ ಸಲಹೆಯಲ್ಲಿ ಇದು ಪೂರ್ತಿ ಉಲ್ಟಾ ಆಗಿದೆ.

ಹತ್ತಿರದಿಂದ ನೋಡೋಣ. ಪಿಎಚ್‌ಡಿಯ ಎರಡನೇ ವರ್ಷದಲ್ಲಿರುವ ಒಬ್ಬ ಹುಡುಗಿ ಅಂದುಕೊಳ್ಳಿ. ಗಣಿತದ ಒಂದು ಪೇಪರ್‌ನ ಲೆಮ್ಮಾದಲ್ಲಿ, ಅಂದರೆ ಒಂದು ಸಹಾಯಕ ಪ್ರಮೇಯದಲ್ಲಿ, ಸಿಕ್ಕಿಕೊಂಡಿದ್ದಾಳೆ. ಮೂರನೇ ಸಾಲಿನಿಂದ ನಾಲ್ಕನೇ ಸಾಲಿಗೆ ಲೇಖಕರು ‘ಸ್ಪಷ್ಟವಾಗಿ’ ಅಂತ ಬರೆದು ಹಾರಿಬಿಟ್ಟಿದ್ದಾರೆ. ಅವಳಿಗೆ ಅದು ಸ್ಪಷ್ಟವಾಗುತ್ತಿಲ್ಲ. ಗೈಡ್ ಹತ್ತಿರ ಕೇಳಿದರೆ ‘ಇಷ್ಟೂ ಗೊತ್ತಿಲ್ವಾ’ ಅಂದಾರು ಅನ್ನುವ ಅಳುಕು. ಕೊನೆಗೆ ಧೈರ್ಯ ಮಾಡಿ, ನಿಮ್ಮ ನಿಯಮದಂತೆ ತನ್ನ ಪೂರ್ತಿ ಹೆಸರಿನಲ್ಲಿ, ಒಂದು ತಾಣದಲ್ಲಿ ಪ್ರಶ್ನೆ ಹಾಕುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ತಿರಸ್ಕಾರದ ಓಟು ಬಿದ್ದು ಪ್ರಶ್ನೆಯ ಪಕ್ಕ ಮೈನಸ್ ಎರಡು. ಮೊದಲ ಕಾಮೆಂಟು: ‘ಇದು ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ.’ ಯಾವ ಪುಸ್ತಕ, ಎಷ್ಟನೇ ಅಧ್ಯಾಯ, ಹೇಳಿಲ್ಲ. ಎರಡನೇ ಕಾಮೆಂಟು: ‘ಸಂಶೋಧನೆಯ ಮಟ್ಟದ ಪ್ರಶ್ನೆ ಅಲ್ಲ.’ ಮೂರನೆಯದು ಬರುವಷ್ಟರಲ್ಲಿ ಪ್ರಶ್ನೆಗೆ ಬೀಗ.

ಅವಳ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹೆಸರಿನ ಕಥೆ ಮುಗಿಯಲಿಲ್ಲ. ಕೆಲವು ವರ್ಷ ಬಿಟ್ಟು ಅವಳು ಕೆಲಸಕ್ಕೆ ಅರ್ಜಿ ಹಾಕುತ್ತಾಳೆ. ಆಯ್ಕೆ ಸಮಿತಿಯ ಒಬ್ಬರು ಸಂದರ್ಶನಕ್ಕೆ ಮೊದಲು ಸುಮ್ನೆ ಅವಳ ಹೆಸರನ್ನು ಗೂಗಲ್ ಮಾಡುತ್ತಾರೆ. ಪೇಪರ್‌ಗಳ ಜೊತೆಗೆ ಆ ಮೈನಸ್ ಎರಡೂ ಮೇಲೆ ಬರುತ್ತದೆ. ಅದನ್ನು ನೋಡಿ ಯಾರೂ ಏನೂ ಹೇಳುವುದಿಲ್ಲ. ಹೇಳದೇ ಇರುವುದರಿಂದಲೇ ಅದಕ್ಕೆ ಉತ್ತರ ಕೊಡಲೂ ಆಗುವುದಿಲ್ಲ.

ಅದೇ ಪ್ರಶ್ನೆಯನ್ನು ಹೆಸರಾಂತ ಪ್ರೊಫೆಸರ್ ಒಬ್ಬರು ಅದೇ ಮಾತುಗಳಲ್ಲಿ ಕೇಳಿದ್ದರೆ ಏನಾಗುತ್ತಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ‘ಒಳ್ಳೆಯ ಪ್ರಶ್ನೆ, ನಾನೂ ಇಲ್ಲಿ ಒಮ್ಮೆ ಎಡವಿದ್ದೆ’ ಅಂತ ಶುರುವಾಗುವ ಉದ್ದದ ಉತ್ತರ ಬರುತ್ತಿತ್ತು. ಹೆಸರು ಎದುರಿಗೆ ಇದ್ದರೆ ಮಾತು ಸಭ್ಯವಾಗುತ್ತದೆ ಅನ್ನುವುದು ಅರ್ಧ ನಿಜ. ಮುಖ ನೋಡಿ ಮಣೆ ಹಾಕುವುದೂ ಅಲ್ಲಿಂದಲೇ ಶುರುವಾಗುತ್ತದೆ. ಇನ್ನೊಂದು ಮಾತು. ‘ಸ್ಪಷ್ಟವಾಗಿ’ ಅಂತ ಬರೆದ ಜಾಗದಲ್ಲೇ ಎಷ್ಟೋ ಸಲ ಪುರಾವೆಯ ತೂತು ಇರುತ್ತದೆ. ಅದು ಕಾಣುವುದು ಹೊಸಬರ ಕಣ್ಣಿಗೆ, ಯಾಕೆಂದರೆ ಅವರು ಇನ್ನೂ ಸಾಲು ಸಾಲಾಗಿ ಓದುತ್ತಾರೆ. ಅವರ ಬಾಯಿ ಮುಚ್ಚಿದರೆ ನಷ್ಟ ನಮ್ಮೆಲ್ಲರದು.

ಗಣಿತದ ಚರಿತ್ರೆಯಲ್ಲಿ ಇದಕ್ಕೆ ಒಂದು ದೊಡ್ಡ ಸಾಕ್ಷಿ ಇದೆ. 1794ರಲ್ಲಿ ಪ್ಯಾರಿಸ್‌ನಲ್ಲಿ ಎಕೋಲ್ ಪಾಲಿಟೆಕ್ನಿಕ್ ಶುರುವಾದಾಗ ಅಲ್ಲಿ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಮುಂದೆ ಗಣಿತಜ್ಞೆಯಾಗಿ ಹೆಸರಾದ ಸೋಫಿ ಜರ್ಮೇನ್ ಅಲ್ಲಿನ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ಓದಿದರು. ಲೆಬ್ಲಾಂ ಎಂಬ ಗಂಡಸಿನ ಹೆಸರಿನಲ್ಲಿ ಗಣಿತಜ್ಞ ಲಗ್ರಾಂಜ್‌ಗೆ ತಮ್ಮ ಕೆಲಸ ಕಳಿಸಿದರು. ಅದೇ ಹೆಸರಿನಲ್ಲಿ 1804ರಿಂದ ಇನ್ನೊಬ್ಬ ದೊಡ್ಡ ಗಣಿತಜ್ಞ ಗೌಸ್ ಜೊತೆ ಪತ್ರವ್ಯವಹಾರ ನಡೆಸಿದರು. ಬರೆಯುತ್ತಿರುವುದು ಒಬ್ಬ ಹೆಂಗಸು ಅಂತ ಗೌಸ್‌ಗೆ ತಿಳಿಯಲು ಸುಮಾರು ಮೂರು ವರ್ಷ ಹಿಡಿಯಿತು. ತಿಳಿದ ಮೇಲೆ ಅವರು 1807ರಲ್ಲಿ ಮನಸಾರೆ ಮೆಚ್ಚಿ ಬರೆದರು. ಆದರೆ ಆ ಮೆಚ್ಚುಗೆ ಬಂದದ್ದು ಗಣಿತ ಓದಿಯಾದ ಮೇಲೆ. ಮೊದಲ ಪತ್ರದಲ್ಲೇ ಅಸಲಿ ಹೆಸರು ಹಾಕಲೇಬೇಕು ಎಂಬ ನಿಯಮ ಇದ್ದಿದ್ದರೆ ಆ ಪತ್ರವನ್ನು ಸೋಫಿ ಬರೆಯುತ್ತಿದ್ದರೇ?

ಈಗ ಇನ್ನೂ ಬಿಸಿಯಾದ ವಿಷಯಕ್ಕೆ ಬರುತ್ತೇನೆ: ಪ್ರಕಟವಾದ ಪೇಪರ್‌ಗಳಲ್ಲಿ ತಪ್ಪು ತೋರಿಸುವುದು. ಇದರಲ್ಲಿ ಅಸಲಿ ಹೆಸರಿನ ನಿಯಮವನ್ನು ದೊಡ್ಡ ಮಟ್ಟದಲ್ಲೇ ಪ್ರಯೋಗ ಮಾಡಿ ನೋಡಿಯಾಗಿದೆ. ವೈದ್ಯಕೀಯ ಪೇಪರ್‌ಗಳ ಪಟ್ಟಿ ಇಡುವ ಅಮೆರಿಕದ ಪಬ್‌ಮೆಡ್ ತಾಣ 2013ರಲ್ಲಿ ಪಬ್‌ಮೆಡ್ ಕಾಮನ್ಸ್ ಶುರು ಮಾಡಿತು. ಸಂಶೋಧಕರು ತಮ್ಮ ಅಸಲಿ ಹೆಸರಿನಲ್ಲಿ ಪೇಪರ್‌ಗಳ ಕೆಳಗೆ ಟಿಪ್ಪಣಿ ಬರೆಯಬಹುದಿತ್ತು. ಹೆಸರು ಇಲ್ಲದಿದ್ದರೆ ಇಲ್ಲ. 2018ರಲ್ಲಿ ಅದನ್ನು ಮುಚ್ಚಿದರು. ಪಟ್ಟಿಯಲ್ಲಿದ್ದ 2.8 ಕೋಟಿ ಪೇಪರ್‌ಗಳಲ್ಲಿ ಟಿಪ್ಪಣಿ ಬಂದಿದ್ದು ಬರೀ 6,000 ಪೇಪರ್‌ಗಳಿಗೆ. ಕಾಮನ್ಸ್ ಶುರುವಾಗುವ ಒಂದು ವರ್ಷ ಮೊದಲು, 2012ರಲ್ಲಿ, ಪಬ್‌ಪಿಯರ್ ಎಂಬ ಇನ್ನೊಂದು ತಾಣ ಶುರುವಾಗಿತ್ತು. ಅಲ್ಲಿ ಹೆಸರು ಹೇಳದೆಯೂ ಬರೆಯಬಹುದು. ಅದು ಇವತ್ತಿಗೂ ನಡೆಯುತ್ತಿದೆ, ಸಂಪಾದಕರು ಅದನ್ನು ಓದುತ್ತಾರೆ, ಅಲ್ಲಿ ಎದ್ದ ಪ್ರಶ್ನೆಗಳಿಂದ ಪ್ರಕಟವಾದ ಪೇಪರ್‌ಗಳನ್ನು ಜರ್ನಲ್‌ಗಳು ಹಿಂದಕ್ಕೆ ಪಡೆದಿವೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಮಾರ್ಕ್ ಟೆಸಿಯೆ-ಲವೀನ್ 2023ರಲ್ಲಿ ಹುದ್ದೆ ಬಿಟ್ಟಿದ್ದು ನೆನಪಿರಬಹುದು. ಅವರು ಸಹಲೇಖಕರಾಗಿದ್ದ ಪೇಪರ್‌ಗಳ ಚಿತ್ರಗಳ ಬಗ್ಗೆ ಪಬ್‌ಪಿಯರ್‌ನಲ್ಲಿ ವರ್ಷಗಳ ಹಿಂದೆಯೇ ಪ್ರಶ್ನೆ ಎದ್ದಿತ್ತು. ಅದನ್ನು ಸುದ್ದಿ ಮಾಡಿದ್ದು ಅಲ್ಲಿನ ವಿದ್ಯಾರ್ಥಿ ಪತ್ರಿಕೆ. ಅವರೇ ಡೇಟಾ ತಿದ್ದಿದರು ಅನ್ನುವುದಕ್ಕೆ ಪುರಾವೆ ಇಲ್ಲ ಎಂದು ತನಿಖಾ ಸಮಿತಿ ಹೇಳಿತು. ಗೊತ್ತಾದ ತಪ್ಪುಗಳನ್ನು ಸರಿಪಡಿಸುವುದರಲ್ಲಿ ಕೊರತೆ ಆಗಿದೆ ಎಂದೂ ಹೇಳಿತು. ಈ ಎರಡು ಮಾತನ್ನೂ ಒಟ್ಟಿಗೇ ಹೇಳುವುದು ನ್ಯಾಯ, ಅದಕ್ಕೇ ಹೇಳಿದೆ.

ಇಂಥ ಟಿಪ್ಪಣಿಗಳು ಹೇಗಿರುತ್ತವೆ ನೋಡಿ. ‘ಚಿತ್ರ 3ರ ಎರಡನೇ ಸಾಲಿನ ಪಟ್ಟೆಗಳನ್ನು ತಲೆಕೆಳಗು ಮಾಡಿದರೆ ಚಿತ್ರ 5ರ ಮೊದಲ ಸಾಲಿನ ಹಾಗೇ ಕಾಣುತ್ತವೆ. ಎಡತುದಿಯ ಕಲೆಯೂ ಎರಡರಲ್ಲಿ ಒಂದೇ ಕಡೆ ಇದೆ. ಮೂಲ ಚಿತ್ರಗಳನ್ನು ತೋರಿಸಲು ಸಾಧ್ಯವೇ?’ ಇಷ್ಟೇ. ಕೆಳಗೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಿರುತ್ತಾರೆ. ಇದನ್ನು ಬರೆದವರು ಯಾರು ಅಂತ ತಿಳಿದರೆ ಆ ಕಲೆ ಜಾಗ ಬದಲಿಸುತ್ತದೆಯೇ? ಇಲ್ಲ. ಯಾರು ಬೇಕಾದರೂ ಚಿತ್ರ ತೆಗೆದು ನೋಡಬಹುದು. ಆದರೆ ಬರೆದವರು ಯಾರು ಅಂತ ತಿಳಿದರೆ ಇನ್ನೊಂದು ಬದಲಾಗಬಹುದು: ಅವರ ಮುಂದಿನ ಶಿಫಾರಸು ಪತ್ರ, ಮುಂದಿನ ಅನುದಾನ, ಮುಂದಿನ ಕೆಲಸ. ಚಿಕ್ಕ ಕ್ಷೇತ್ರಗಳಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಇವತ್ತು ಯಾರ ಚಿತ್ರವನ್ನು ಪ್ರಶ್ನೆ ಮಾಡಿದೆವೋ ನಾಳೆ ನಮ್ಮ ಪೇಪರ್ ಅವರ ಮೇಜಿಗೇ ವಿಮರ್ಶೆಗೆ ಹೋಗುತ್ತದೆ.

ಈ ಹೆದರಿಕೆ ಸುಳ್ಳಲ್ಲ. ಸೂಕ್ಷ್ಮಜೀವಿ ವಿಜ್ಞಾನಿ ಎಲಿಜಬೆತ್ ಬಿಕ್ ತಮ್ಮ ಹೆಸರಿನಲ್ಲೇ ಈ ಕೆಲಸ ಮಾಡುತ್ತಾರೆ. 2016ರಲ್ಲಿ ಅವರು ಮತ್ತು ಸಹೋದ್ಯೋಗಿಗಳು 20,621 ಪೇಪರ್‌ಗಳ ಚಿತ್ರಗಳನ್ನು ನೋಡಿ, 3.8 ಶೇಕಡಾ ಪೇಪರ್‌ಗಳಲ್ಲಿ ಸಂಶಯ ಬರುವಂಥ ಚಿತ್ರಗಳಿವೆ ಎಂದು ತೋರಿಸಿದರು. ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಬಹಿರಂಗವಾಗಿ ಪ್ರಶ್ನೆ ಕೇಳಿದ್ದಕ್ಕೆ 2021ರಲ್ಲಿ ಅವರ ಮೇಲೆ ಫ್ರಾನ್ಸಿನಲ್ಲಿ ದೂರು ದಾಖಲಾಯಿತು. ಪಬ್‌ಪಿಯರ್‌ನಲ್ಲಿ ತನ್ನ ಪೇಪರ್‌ಗಳ ಬಗ್ಗೆ ಬರೆದವರ ಹೆಸರು ಬೇಕು ಎಂದು ಅಮೆರಿಕದ ಮಿಶಿಗನ್‌ನಲ್ಲಿ ಒಬ್ಬ ವಿಜ್ಞಾನಿ ಕೋರ್ಟಿಗೇ ಹೋಗಿದ್ದರು. 2016ರ ಕೊನೆಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಬರೆದವರ ಪರವಾಗಿ ನಿಂತಿತು. ಎಲ್ಲರಿಗೂ ವಕೀಲರು ಸಿಗುವುದಿಲ್ಲ, ಅಲ್ವಾ? ಬಿಕ್ ಅವರಂಥ ಧೈರ್ಯವನ್ನು ನಾವು ಮೆಚ್ಚಬಹುದು. ಎಲ್ಲರಿಗೂ ಕಡ್ಡಾಯ ಮಾಡಲು ಆಗುವುದಿಲ್ಲ.

ಅಸಲಿ ಹೆಸರಿನಿಂದ ಗುಣಮಟ್ಟ ಏರುತ್ತದೆ ಅನ್ನುವ ನಂಬಿಕೆಯನ್ನೂ ಪರೀಕ್ಷೆ ಮಾಡಿದ್ದಾರೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಪ್ರಕಟಣೆಗೆ ಮೊದಲು ಪೇಪರ್ ಪರಿಶೀಲಿಸುವ ವಿಮರ್ಶಕರ ಹೆಸರನ್ನು ಲೇಖಕರಿಗೆ ತಿಳಿಸಿದರೆ ವಿಮರ್ಶೆಯ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ವಿಮರ್ಶೆ ಮಾಡಲು ಒಲ್ಲೆ ಅಂದವರು ಮಾತ್ರ ಜಾಸ್ತಿಯಾದರು. ಆ ಜರ್ನಲ್ ಆಮೇಲೂ ಹೆಸರಿನ ವಿಮರ್ಶೆಯನ್ನೇ ಆರಿಸಿಕೊಂಡಿತು, ಅದು ಅವರ ನೈತಿಕ ನಿಲುವು. ವಿಮರ್ಶಕರಿಗೆ ಒಂದು ಪೇಪರ್ ತಳ್ಳಿಹಾಕುವ ಶಕ್ತಿ ಇದೆ, ಹಾಗಾಗಿ ಆ ನಿಲುವಿಗೆ ಅರ್ಥವೂ ಇದೆ. ನಾನು ಹೇಳುತ್ತಿರುವುದೂ ಇದನ್ನೇ. ಹೆಸರಿನ ಹೊಣೆ ಶಕ್ತಿಯ ಜೊತೆ ಬರಲಿ.

ಹಾಗಂತ ಮರೆಯಲ್ಲಿ ನಡೆಯುವ ಕೆಡುಕನ್ನು ನಾನು ಚಿಕ್ಕದು ಮಾಡುವುದಿಲ್ಲ. ಅದು ಹಳೆಯದು, ಅದನ್ನು ದೊಡ್ಡವರೂ ಮಾಡಿದ್ದಾರೆ. ಕ್ಯಾಲ್ಕುಲಸ್ ಮೊದಲು ಕಂಡುಹಿಡಿದವರು ಯಾರು ಅಂತ ನ್ಯೂಟನ್ ಮತ್ತು ಲೈಬ್ನಿಟ್ಸ್ ನಡುವೆ ಜಗಳ ನಡೆದಾಗ ರಾಯಲ್ ಸೊಸೈಟಿ 1712ರಲ್ಲಿ ಒಂದು ಸಮಿತಿ ಮಾಡಿತು. ಆಗ ಸೊಸೈಟಿಯ ಅಧ್ಯಕ್ಷರು ನ್ಯೂಟನ್. ಸಮಿತಿಯ ವರದಿ ನ್ಯೂಟನ್ ಪರವಾಗಿ ಬಂತು. ಅದರ ಕರಡಿನಲ್ಲಿ ನ್ಯೂಟನ್ನರದೇ ಕೈ ಇತ್ತು. ಅಷ್ಟಕ್ಕೇ ನಿಲ್ಲಲಿಲ್ಲ. 1715ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಆ ವರದಿಯ ಬಗ್ಗೆ ಹೆಸರಿಲ್ಲದ ಒಂದು ಉದ್ದದ ಬರಹ ಬಂತು. ಬರೆದವರು ನ್ಯೂಟನ್ನರೇ. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶ, ತಾನೇ ವರದಿಗಾರ. ಇವತ್ತು ಎರಡು ಖಾತೆ ಮಾಡಿಕೊಂಡು ತನ್ನ ಉತ್ತರಕ್ಕೆ ತಾನೇ ಓಟು ಹಾಕಿಕೊಳ್ಳುವವರು ಮಾಡುವುದೂ ಇದನ್ನೇ.

ಇಲ್ಲೊಂದು ವಿಷಯ ಗಮನಿಸಿ. ನ್ಯೂಟನ್ ಅಸಹಾಯಕರಾಗಿ ಮರೆಗೆ ಹೋಗಲಿಲ್ಲ. ಅಧಿಕಾರ ಕೈಯಲ್ಲಿ ಇಟ್ಟುಕೊಂಡು ಹೆಸರನ್ನು ಬಚ್ಚಿಟ್ಟರು. ಸೋಫಿ ಜರ್ಮೇನ್ ಮರೆಗೆ ಹೋಗಿದ್ದು ಬಾಗಿಲು ಮುಚ್ಚಿದ್ದರಿಂದ. ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟಿಹಾಕಿದರೆ ಪೆಟ್ಟು ತಿನ್ನುವುದು ಯಾವಾಗಲೂ ಎರಡನೆಯವರೇ.

ಅರ್ಥಶಾಸ್ತ್ರದ ಉದ್ಯೋಗ ವದಂತಿಗಳ ತಾಣವೊಂದರಲ್ಲಿ ವರ್ಷಗಟ್ಟಲೆ ಹೆಂಗಸರ ಬಗ್ಗೆ, ಸಹೋದ್ಯೋಗಿಗಳ ಬಗ್ಗೆ ಅಸಹ್ಯದ ಮಾತು ಹರಿಯಿತು. ಇದೆಲ್ಲ ಯಾರೋ ಪಡ್ಡೆ ಹುಡುಗರ ಕೆಲಸ ಅಂತ ಕ್ಷೇತ್ರದ ಹಿರಿಯರು ಕಂಡೂ ಕಾಣದ ಹಾಗಿದ್ದರು. 2023ರಲ್ಲಿ ಮೂವರು ಸಂಶೋಧಕರು ಆ ತಾಣವು ಹೆಸರು ಮರೆಮಾಚಲು ಬಳಸುತ್ತಿದ್ದ ವಿಧಾನದ ದೋಷ ಕಂಡುಹಿಡಿದು, ಬರಹಗಳು ಎಲ್ಲಿಂದ ಬಂದವು ಅಂತ ಲೆಕ್ಕ ಹಾಕಿದರು. ಹೆಸರಾಂತ ವಿಶ್ವವಿದ್ಯಾಲಯಗಳ ನೆಟ್‌ವರ್ಕ್‌ನಿಂದಲೂ ಬಂದಿದ್ದವು. ಅಲ್ಲಿ ಕೊಳೆತಿದ್ದು ಯಾವುದು? ಹೆಸರು ಇಲ್ಲದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಪ್ರತಿ ಚರ್ಚೆಗೂ ಒಬ್ಬರ ಗುರುತು ಬದಲಾಗುತ್ತಿತ್ತು. ನಿನ್ನೆ ಆಡಿದ ಮಾತು ಇವತ್ತು ಬೆನ್ನು ಹತ್ತುತ್ತಿರಲಿಲ್ಲ.

ನನ್ನ ವಾದದ ತಿರುಳು ಇಲ್ಲಿದೆ. ಹೆಸರು ಇಲ್ಲದಿರುವುದು ಬೇರೆ, ತಾವೇ ಇಟ್ಟುಕೊಂಡ ಒಂದು ಹೆಸರಿನಲ್ಲಿ ಬಾಳುವುದು ಬೇರೆ. ಒಬ್ಬರು ಐದು ವರ್ಷ ಒಂದೇ ಇಟ್ಟುಕೊಂಡ ಹೆಸರಿನಲ್ಲಿ ಬರೆದರೆ ಆ ಹೆಸರಿಗೂ ಮಾನ ಇರುತ್ತದೆ. ಅದು ಹಾಳಾಗಬಹುದು ಅನ್ನುವ ಭಯವೂ ಇರುತ್ತದೆ. ಅವರು ಎಲ್ಲಿ ತಪ್ಪಿದರು, ತಪ್ಪನ್ನು ಒಪ್ಪಿದರೋ ಇಲ್ಲವೋ, ಯಾರಿಗೆ ತಾಳ್ಮೆಯಿಂದ ಉತ್ತರ ಕೊಟ್ಟರು, ಎಲ್ಲವೂ ಆ ಹೆಸರಿನ ಹಿಂದೆ ಸಾಲಾಗಿ ನಿಂತಿರುತ್ತದೆ. ಹುಟ್ಟಿದಾಗ ಇಟ್ಟ ಹೆಸರು ಯಾವುದು ಅಂತ ತಿಳಿದು ನಮಗೆ ಇನ್ನೇನು ಹೆಚ್ಚು ಸಿಗುತ್ತದೆ? ಅವರ ಜಾತಿ, ದೇಶ, ಧರ್ಮ, ಗಂಡೋ ಹೆಣ್ಣೋ, ಯಾವ ಸಂಸ್ಥೆ. ಇವುಗಳಲ್ಲಿ ಯಾವುದೂ ಅವರ ಪುರಾವೆಯನ್ನು ಸರಿಯೋ ತಪ್ಪೋ ಮಾಡುವುದಿಲ್ಲ.

ಹೆಸರೇ ಇಲ್ಲದವರಿಂದಲೂ ಕೆಲವೊಮ್ಮೆ ಬೆಲೆಯುಳ್ಳದ್ದು ಬರುತ್ತದೆ. 2011ರಲ್ಲಿ 4ಚಾನ್ ಎಂಬ, ವಿದ್ವತ್ತಿಗೆ ಏನೂ ಸಂಬಂಧ ಇಲ್ಲದ ತಾಣದಲ್ಲಿ ಒಂದು ಪ್ರಶ್ನೆ ಬಂತು: 14 ಕಂತುಗಳ ಒಂದು ಧಾರಾವಾಹಿಯನ್ನು ಸಾಧ್ಯವಿರುವ ಎಲ್ಲ ಕ್ರಮಗಳಲ್ಲೂ ನೋಡಬೇಕಾದರೆ ಕನಿಷ್ಠ ಎಷ್ಟು ಕಂತು ನೋಡಬೇಕು? ಯಾರೋ ಒಬ್ಬರು ಅದಕ್ಕೆ ಪುರಾವೆ ಸಮೇತ ಒಂದು ಕೆಳಮಿತಿ, ಅಂದರೆ ಇದಕ್ಕಿಂತ ಕಡಿಮೆ ಆಗದು ಅನ್ನುವ ಸಂಖ್ಯೆ, ಬರೆದು ಹೋದರು. ಅದು ಗಣಿತದ ಒಂದು ನಿಜವಾದ ಬಗೆಹರಿಯದ ಪ್ರಶ್ನೆಯ ಭಾಗ ಅಂತ ಗಣಿತಜ್ಞರ ಗಮನಕ್ಕೆ ಬಂದದ್ದು 2018ರಲ್ಲಿ. ಅವರು ಅದನ್ನು ನೀಟಾಗಿ ಬರೆದು, ಮೊದಲ ಲೇಖಕರ ಜಾಗದಲ್ಲಿ ‘ಅನಾಮಿಕ 4ಚಾನ್ ಸದಸ್ಯ’ ಅಂತಲೇ ಹಾಕಿದರು. ನನಗೆ ಆ ಪ್ರಾಮಾಣಿಕತೆ ತುಂಬಾ ಹಿಡಿಸಿತು. ಬರೆದವರಿಗೆ ಆ ಗೌರವ ತಲುಪಿತೋ ಇಲ್ಲವೋ, ಪುರಾವೆ ಮಾತ್ರ ಗಟ್ಟಿಯಾಗಿ ನಿಂತಿತು.

ಆದರೆ ಒಂದು ಕಡೆ ನಾನು ಕಟ್ಟುನಿಟ್ಟು. ಪುರಾವೆ ತೋರಿಸುವ ಬದಲು ‘ನಾನು ಪ್ರೊಫೆಸರ್, ನನಗೆ ಗೊತ್ತು’ ಅನ್ನುವವರು ತಾವು ಪ್ರೊಫೆಸರ್ ಅಂತ ತೋರಿಸಲೇಬೇಕು. ವಿಕಿಪೀಡಿಯಾದಲ್ಲಿ ದೊಡ್ಡ ಜವಾಬ್ದಾರಿಯಲ್ಲಿದ್ದ ಒಬ್ಬ ಸಂಪಾದಕರು ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕ ಅಂತ ಹೇಳಿಕೊಂಡಿದ್ದರು, ಚರ್ಚೆಗಳಲ್ಲಿ ಆ ಪದವಿಯನ್ನು ಮುಂದೆ ಮಾಡಿದ್ದರು. 2007ರಲ್ಲಿ ನೋಡಿದರೆ ಅವರಿಗೆ 24 ವರ್ಷ, ಹೇಳಿಕೊಂಡಿದ್ದ ಪದವಿಯೂ ಇರಲಿಲ್ಲ. 2020ರಲ್ಲಿ ಟ್ವಿಟರ್‌ನಲ್ಲಿ ಒಬ್ಬ ಪ್ರಾಧ್ಯಾಪಕಿ ಕೋವಿಡ್‌ನಿಂದ ತೀರಿಕೊಂಡರು ಅಂತ ಸುದ್ದಿಯಾಗಿ ಜನ ಅತ್ತರು. ಅಂಥ ವ್ಯಕ್ತಿ ಇರಲೇ ಇಲ್ಲ. ಇವರು ಮಾಡಿದ ತಪ್ಪು ಬೇರೆ ಹೆಸರು ಇಟ್ಟುಕೊಂಡಿದ್ದಲ್ಲ. ಇಲ್ಲದ ಪದವಿಯನ್ನು, ಇಲ್ಲದ ಬದುಕನ್ನು ತೋರಿಸಿ ಜನರ ನಂಬಿಕೆ ಪಡೆದಿದ್ದು. ಹಾಗಾಗಿ ನಿಯಮವನ್ನು ಅಲ್ಲಿ ಬಿಗಿ ಮಾಡಿ. ಇಟ್ಟುಕೊಂಡ ಹೆಸರಿನಲ್ಲಿ ಬರೆಯುವವರು ಪದವಿಯ ಬಲದಿಂದ ವಾದ ಮಾಡುವಂತಿಲ್ಲ. ಪದವಿ ಬೇಕು ಅಂದರೆ ಹೆಸರು ಹೇಳಲಿ, ಇಲ್ಲವಾದರೆ ವಾದ ತನ್ನ ಕಾಲ ಮೇಲೆ ತಾನು ನಿಲ್ಲಲಿ.

ಈಗ ಪಾಯಿಂಟುಗಳ ಮಾತು. ಇದರ ಬಗ್ಗೆ ನಿಮಗೆ ಬೇಸರವಾಗುವಂಥ ಕೆಲವು ಮಾತು ಹೇಳಬೇಕಿದೆ.

ಸ್ಟ್ಯಾಕ್ ಎಕ್ಸ್‌ಚೇಂಜ್ ಬಳಗದ ಪ್ರಶ್ನೋತ್ತರ ತಾಣಗಳಲ್ಲಿ ಉತ್ತರಕ್ಕೆ ಒಂದು ಮೆಚ್ಚುಗೆ ಬಿದ್ದರೆ 10 ಪಾಯಿಂಟ್, ಒಂದು ತಿರಸ್ಕಾರ ಬಿದ್ದರೆ 2 ಕಡಿತ. ಪಾಯಿಂಟ್ ಏರಿದಂತೆ ಅಧಿಕಾರವೂ ಏರುತ್ತದೆ: ಓಟು ಹಾಕುವುದು, ಬೇರೆಯವರ ಬರಹ ತಿದ್ದುವುದು, 3,000 ಆದ ಮೇಲೆ ಪ್ರಶ್ನೆ ಮುಚ್ಚಲು ಮತ ಹಾಕುವುದು. ಕೆಟ್ಟ ಏರ್ಪಾಡಲ್ಲ. 2009ರಲ್ಲಿ ಶುರುವಾದ ಮ್ಯಾತ್‌ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣ ಗಣಿತಕ್ಕೆ ಮಾಡಿದ ಉಪಕಾರ ದೊಡ್ಡದು. ಅಲ್ಲಿ ಅಸಲಿ ಹೆಸರು ಬಳಸಿ ಅಂತ ಸದಸ್ಯರನ್ನು ಉತ್ತೇಜಿಸುತ್ತಾರೆ, ಕಡ್ಡಾಯ ಮಾಡಿಲ್ಲ. ಅದು ಬುದ್ಧಿವಂತಿಕೆ ಅಂತಲೇ ನನ್ನ ಅಭಿಪ್ರಾಯ.

ತೊಂದರೆ ಇರುವುದು ನಾವು ಪಾಯಿಂಟನ್ನು ಓದುವ ರೀತಿಯಲ್ಲಿ. ಸುಲಭದ ಪ್ರಶ್ನೆಗೆ ಬೇಗ ಬಂದ ಉತ್ತರಕ್ಕೆ ಜಾಸ್ತಿ ಓಟು ಬೀಳುತ್ತದೆ, ಯಾಕೆಂದರೆ ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ಜಾಸ್ತಿ. ವಾರಗಟ್ಟಲೆ ಕೂತು ಬರೆದ ಕಷ್ಟದ ಉತ್ತರವನ್ನು ಓದುವವರೇ ನಾಲ್ಕು ಜನ. ಪಾಯಿಂಟ್ ತೋರಿಸುವುದು ಎಷ್ಟು ಕಾಲ ಇದ್ದರು, ಎಷ್ಟು ಚುರುಕಾಗಿದ್ದರು ಅನ್ನುವುದನ್ನು. ಅದನ್ನೇ ಪಾಂಡಿತ್ಯ ಅಂದುಕೊಳ್ಳುತ್ತೇವೆ. ಹೋಗಲಿ, ಅಷ್ಟಾದರೂ ಸಹಿಸಬಹುದು. ಅದನ್ನೇ ನಡತೆಯ ಸರ್ಟಿಫಿಕೇಟ್ ಅಂದುಕೊಂಡಾಗ ಸಮುದಾಯ ಹಾಳಾಗುತ್ತದೆ.

ಈ ಎರಡು ಮಾತು ನೋಡಿ. ‘ನಿಮ್ಮ ಎರಡನೇ ಹೆಜ್ಜೆಯಲ್ಲಿ ಮಿತಿ ಮತ್ತು ಮೊತ್ತವನ್ನು ಅದಲುಬದಲು ಮಾಡಿದ್ದೀರಿ. ಇಲ್ಲಿ ಅದು ನಡೆಯುವುದಿಲ್ಲ, ಕಾರಣ ಹೀಗೆ.’ ‘ಮೊದಲ ವರ್ಷದ ಪಾಠ ಓದಿಕೊಂಡು ಬನ್ನಿ.’ ಎರಡೂ ಒಂದೇ ತಪ್ಪನ್ನು ಕುರಿತ ಮಾತು. ಮೊದಲನೆಯದು ಪುರಾವೆಯ ಬಗ್ಗೆ, ಎರಡನೆಯದು ಮನುಷ್ಯರ ಬಗ್ಗೆ. ಎರಡನೆಯದನ್ನು ನಿನ್ನೆ ಸೇರಿದವರು ಬರೆದರೆ ಅಳಿಸುತ್ತೀರಿ, ಎಚ್ಚರಿಕೆ ಕೊಡುತ್ತೀರಿ. ಒಂದು ಲಕ್ಷ ಪಾಯಿಂಟ್ ಇದ್ದವರು ಬರೆದರೆ ‘ಅವರ ಸ್ವಭಾವವೇ ಹಾಗೆ, ಆದರೆ ತುಂಬಾ ತಿಳಿದವರು’ ಅನ್ನುತ್ತೀರಿ. ಅವರ ಹೆಸರು ಎಲ್ಲರಿಗೂ ಗೊತ್ತು. ಅವರ ಸಂಸ್ಥೆ, ಫೋಟೊ ಎಲ್ಲ ಪ್ರೊಫೈಲಿನಲ್ಲಿ ಇದೆ. ಅಸಲಿ ಹೆಸರು ಅವರ ನಾಲಿಗೆಯನ್ನು ತಡೆಯಲಿಲ್ಲ. ತಡೆಯುವುದೂ ಇಲ್ಲ, ಯಾಕೆಂದರೆ ಆ ಹೆಸರೇ ಅವರಿಗೆ ರಕ್ಷಣೆ. ನಾನು ಇಷ್ಟು ವರ್ಷ ಈ ಸಮುದಾಯಗಳಲ್ಲಿ ಓದಿದ ನೋಯಿಸುವ ಮಾತುಗಳಲ್ಲಿ ಹೆಚ್ಚಿನವು ಪೂರ್ತಿ ಹೆಸರಿನಲ್ಲೇ ಬಂದಿದ್ದವು. ಹೊಸಬರು ಸದ್ದಿಲ್ಲದೆ ಬಿಟ್ಟುಹೋಗುವುದು ಇಂಥ ಮಾತು ಕೇಳಿಯೇ. ಅವರು ದೂರು ಕೊಡುವುದಿಲ್ಲ, ಹಾಗಾಗಿ ನಿಮ್ಮ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾಗಿ ನಡತೆಯ ನಿಯಮವನ್ನು ಪಾಯಿಂಟ್ ನೋಡದೆ ಜಾರಿ ಮಾಡಿ. ಆಗದು ಅಂದರೆ, ಪಾಯಿಂಟ್ ಜಾಸ್ತಿ ಇದ್ದವರಿಗೆ ನಿಯಮ ಇನ್ನೂ ಬಿಗಿಯಾಗಿರಲಿ. ಅವರ ಒಂದು ಮಾತಿನ ತೂಕ ಹೆಚ್ಚು. ಅವರು ಮೆಚ್ಚಿದರೆ ಒಬ್ಬ ವಿದ್ಯಾರ್ಥಿ ಆ ವಾರವೆಲ್ಲ ಹುರುಪಿನಿಂದ ಕೆಲಸ ಮಾಡುತ್ತಾನೆ. ಹಳಿದರೆ ಮತ್ತೆ ಪ್ರಶ್ನೆ ಕೇಳುವುದೇ ಇಲ್ಲ.

ನೀವು ತೆಗೆದುಕೊಳ್ಳುವ ತೀರ್ಮಾನಗಳಿಗೂ ಇದೇ ಮಾತು. ಒಬ್ಬರ ಬರಹ ಅಳಿಸಿದರೆ, ಖಾತೆಯನ್ನು ತಡೆದರೆ, ಅದರ ಕೆಳಗೆ ‘ಆಡಳಿತ ತಂಡ’ ಅಂತ ಇರುತ್ತದೆ. ಯಾರು ತೀರ್ಮಾನ ಮಾಡಿದರು, ಯಾವ ಮಾತಿಗೆ, ಯಾವ ನಿಯಮದ ಅಡಿಯಲ್ಲಿ? ಗೊತ್ತಾಗುವುದಿಲ್ಲ. ಮಾಡರೇಟರ್‌ಗಳಿಗೂ ಬೆದರಿಕೆ ಬರುತ್ತದೆ ಅಂತ ನನಗೆ ಗೊತ್ತು, ಹಾಗಾಗಿ ಮನೆ ವಿಳಾಸ ಕೊಡಿ ಅನ್ನುತ್ತಿಲ್ಲ. ಕನಿಷ್ಠ ನಿಮ್ಮ ಇಟ್ಟುಕೊಂಡ ಹೆಸರನ್ನಾದರೂ ತೀರ್ಮಾನದ ಕೆಳಗೆ ಹಾಕಿ, ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ಇನ್ನೊಬ್ಬರ ಹತ್ತಿರ ಮೇಲ್ಮನವಿಗೆ ದಾರಿ ಇರಲಿ. ತೀರ್ಪು ಕೊಟ್ಟವರೇ ಮೇಲ್ಮನವಿ ಕೇಳುವುದು ಬೇಡ.

‘ಹೊರಗೆ ಇಟ್ಟುಕೊಂಡ ಹೆಸರು ಇರಲಿ, ನಮ್ಮ ಹತ್ತಿರ ಮಾತ್ರ ಅಸಲಿ ಹೆಸರು, ಗುರುತಿನ ಚೀಟಿ ಇರಲಿ’ ಅನ್ನುವ ನಡುದಾರಿಯನ್ನೂ ಕೆಲವರು ಹೇಳುತ್ತಾರೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ತಾಣಗಳಿಗೆ ಇಂಥದ್ದೇ ಕಾನೂನು ತಂದಿತ್ತು. 2011ರಲ್ಲಿ ಅಲ್ಲಿನ ಒಂದು ದೊಡ್ಡ ಕಂಪನಿಯಿಂದ ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿ ಸೋರಿಹೋಯಿತು. 2012ರ ಆಗಸ್ಟ್‌ನಲ್ಲಿ ಸಂವಿಧಾನ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನೇ ರದ್ದು ಮಾಡಿತು. ಸ್ವಯಂಸೇವಕರು ನಡೆಸುವ ತಾಣವೊಂದು ಸಾವಿರಾರು ಸಂಶೋಧಕರ ಗುರುತಿನ ಚೀಟಿ ಕಾಯಬಲ್ಲದು ಅಂತ ನನಗೆ ನಂಬಿಕೆ ಇಲ್ಲ. ಬೇಡದ್ದನ್ನು ಕೂಡಿಡದೇ ಇರುವುದೇ ಒಳ್ಳೆಯದು.

ಒಂದೇ ಮನುಷ್ಯ ಹಲವು ಖಾತೆಗಳಲ್ಲಿ ಓಟು ಹಾಕದಂತೆ ತಡೆಯುವುದು ಬೇರೆ ಕೆಲಸ. ಅದಕ್ಕೆ ಓಟಿನ ಜಾಡು ನೋಡುವ ತಂತ್ರ ಇದೆ, ಹೊಸ ಖಾತೆಗೆ ಸ್ವಲ್ಪ ಕಾಲ ಓಟು ಕೊಡದೇ ಇರುವ ಪದ್ಧತಿ ಇದೆ. ಇವನ್ನು ಧಾರಾಳವಾಗಿ ಬಳಸಿ, ನನ್ನ ತಕರಾರಿಲ್ಲ.

ಇನ್ನು, ಹೆಸರುಗಳು ಬದಲಾಗುತ್ತವೆ. ಮದುವೆಯಿಂದ, ವಿಚ್ಛೇದನದಿಂದ, ಲಿಂಗ ಬದಲಾವಣೆಯಿಂದ, ಸುಮ್ನೆ ತಮ್ಮ ಇಷ್ಟದಿಂದ. ಒಂದೇ ಪದದ ಹೆಸರು ಇರುವವರು ಜಗತ್ತಿನಲ್ಲಿ ಕೋಟ್ಯಂತರ ಜನ ಇದ್ದಾರೆ. ‘ಕೊನೆಯ ಹೆಸರು ಕಡ್ಡಾಯ’ ಅನ್ನುವ ಫಾರಂ ಅವರಿಂದ ಸುಳ್ಳು ಬರೆಸುತ್ತದೆ. ಒಂದೇ ಹೆಸರಿನ ಹತ್ತು ಸಂಶೋಧಕರನ್ನು ಬೇರೆ ಬೇರೆ ಗುರುತಿಸಲು 2012ರಿಂದ ಆರ್ಕಿಡ್ (ORCID) ಎಂಬ ಸಂಸ್ಥೆ ಕೊಡುವ 16 ಅಂಕಿಗಳ ಸಂಖ್ಯೆ ಇದೆ. ಹೆಸರು ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಯಾರಿಗೆ ತಮ್ಮ ಉತ್ತರಗಳನ್ನು ತಮ್ಮ ಪೇಪರ್‌ಗಳ ಜೊತೆ ಜೋಡಿಸಬೇಕು ಅನ್ನಿಸುತ್ತದೆಯೋ ಅವರು ಅದನ್ನು ಹಾಕಿಕೊಳ್ಳಲಿ. ಹಾಕಿಕೊಂಡರೆ ಸಂತೋಷ, ಹಾಕದಿದ್ದರೆ ಕೇಳಬೇಡಿ.

ಹಳೆಯ ಪ್ರಶ್ನೆಗಳಿಂದ ಹೆಸರನ್ನು ಬಿಡಿಸಿಕೊಳ್ಳುವ ದಾರಿಯನ್ನೂ ಮಾಡಿಕೊಡಿ. ಪ್ರಶ್ನೆ ಅಲ್ಲೇ ಇರಲಿ, ಉತ್ತರವೂ ಇರಲಿ, ಓದುವವರಿಗೆ ನಷ್ಟ ಆಗಬಾರದು. ಕೇಳಿದವರ ಹೆಸರು ಮಾತ್ರ ಹೋಗಲಿ. 22ನೇ ವಯಸ್ಸಿನಲ್ಲಿ ಕೇಳಿದ ಪ್ರಶ್ನೆ 40ರಲ್ಲಿ ಬೆನ್ನಟ್ಟಿ ಬರಬಾರದು. ಕಲಿಯುವುದು ಅಂದರೆ ತಿಳಿಯದ್ದನ್ನು ನಾಲ್ಕು ಜನರ ಎದುರು ಒಪ್ಪಿಕೊಳ್ಳುವುದು. ಅದನ್ನು ಶಾಶ್ವತ ದಾಖಲೆ ಮಾಡಿಟ್ಟು, ಆಮೇಲೆ ಯಾರೂ ಪ್ರಶ್ನೆ ಕೇಳುತ್ತಿಲ್ಲ ಅಂತ ಕೊರಗಿದರೆ ಏನು ಫಲ?

ಕೊನೆಗೊಂದು ಕೋರಿಕೆ. ಅಸಲಿ ಹೆಸರಿನ ನಿಯಮವನ್ನು ಮತಕ್ಕೆ ಹಾಕುವುದಾದರೆ ಹಾಕಿ. ಆದರೆ ನಿಮ್ಮ ಈಗಿನ ಪದ್ಧತಿಯಲ್ಲಿ ಇಂಥ ಮತಕ್ಕೆ ಹಕ್ಕು ಇರುವುದು ಹಳಬರಿಗೆ, ಪಾಯಿಂಟ್ ಇದ್ದವರಿಗೆ. ನಿಯಮದ ಬಿಸಿ ತಟ್ಟುವುದು ಅವರಿಗಲ್ಲ. ಮತಕ್ಕೆ ಹಾಕುವ ಮೊದಲು, ಕಳೆದ ಒಂದು ವರ್ಷದಲ್ಲಿ ಸೇರಿದವರಿಗೂ, ಒಂದೇ ಪ್ರಶ್ನೆ ಕೇಳಿ ಮತ್ತೆ ಬಾರದವರಿಗೂ ಒಂದು ಪತ್ರ ಬರೆದು ಅಭಿಪ್ರಾಯ ಕೇಳಿ. ಅವರು ಹೆಸರು ಹೇಳದೆ ಉತ್ತರಿಸಲು ಅವಕಾಶ ಕೊಡಿ. ಬಂದ ಉತ್ತರಗಳನ್ನು ಕತ್ತರಿಸದೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಅದನ್ನು ಓದಿಯಾದ ಮೇಲೆ ಮತ ಹಾಕೋಣ.

ಇಂತಿ,
ನಿಮ್ಮ ಸಮುದಾಯಗಳಲ್ಲಿ ಕಲಿತ, ಕಲಿಸುತ್ತಿರುವ ಒಬ್ಬ ಸದಸ್ಯೆ